ಯಾವ ಚಮಚ, ಪುಟ್ಟಿ?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಸೋಮವಾರಪೇಟೆ ಕಡೆ ಹತ್ತು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟು ಬಂದು ಹೋಗುವ ಆಟ ಆಡುತ್ತಿದೆ. ಬಂದಾಗ ಮೊಬೈಲ್ ಚಾರ್ಜಿಗೆ ಹಾಕಿಕೊಂಡು ನೀನು ಇಂಟರ್‌ನೆಟ್ಟಿಗೆ ಬರೆದು ನನಗೆ ಕಳಿಸಿದ ಆರೋಗ್ಯದ ಆರೂ ಲೇಖನ ಓದಿದೆ. ಇಂಥ ಲೇಖನ ಹೇಗೆ ಬರೆಯಬೇಕು ಅಂತ ನೀನೂ ನಿನ್ನ ಗೆಳತಿಯರೂ ಕೂತು ಮಾಡಿದ ಹನ್ನೊಂದು ನಿಯಮದ ಪಟ್ಟಿಯನ್ನೂ ಓದಿದೆ. "ಹೇಗಿದೆ ದೊಡ್ಡಮ್ಮ, ಒಂದೇ ಮಾತಲ್ಲಿ ಹೇಳಿ" ಅಂದಿದ್ದೆ. ಒಂದೇ ಮಾತಲ್ಲಿ ಆಗಲ್ಲ ಕಣೇ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಭಾಷೆ ಚೆನ್ನಾಗಿದೆ. ಸುಳ್ಳೂ ಜಾಸ್ತಿ ಇಲ್ಲ. ತೊಂದರೆ ಇರುವುದು ನೀನು ಬರೆಯದೆ ಬಿಟ್ಟ ಕಡೆ.

ಆಟಿ ಸೊಪ್ಪಿನದನ್ನೇ ತೆಗೆದುಕೊ, ಅದೇ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ನಾವು ಪಾಯಸ ಮಾಡುವ ಮದ್ದುಸೊಪ್ಪು. ಈ ಸಲ ಆಟಿ 18ರ ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನಮ್ಮ ಅಂಗಳದಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಡುಗುತ್ತಾ ನಿಂತಿದ್ದ. ಪಕ್ಕದ ತೋಟದ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗ, ಬಂದು ಎರಡು ತಿಂಗಳಾಗಿಲ್ಲ. "ಖೂನ್, ಖೂನ್" ಅನ್ನುತ್ತಾನೆ, ರಕ್ತ ಅಂತ. ಕೈ ನೋಡಿದೆ, ಕಾಲು ನೋಡಿದೆ, ಜಿಗಣೆ ಕಚ್ಚಿದ್ದು ಬಿಟ್ಟರೆ ಎಲ್ಲೂ ಗಾಯ ಇಲ್ಲ. ಆಮೇಲೆ ನಾಚಿಕೊಂಡು ಹೇಳಿದ, ಮೂತ್ರ ಕೆಂಪಗೆ ಹೋಗುತ್ತಿದೆ ಅಂತ. ಹಿಂದಿನ ದಿನ ತೋಟದ ಮಾಲೀಕರ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಕೊಟ್ಟಿದ್ದರಂತೆ, ರುಚಿಯಾಗಿದೆ ಅಂತ ಎರಡು ಲೋಟ ಕುಡಿದಿದ್ದಾನೆ. ರಾತ್ರಿಯೆಲ್ಲ ಆ ಹುಡುಗ ಸಾಯುತ್ತೇನೆ ಅಂತ ಎದ್ದು ಕೂತಿದ್ದ.

ಕೊಡಗಿನಲ್ಲಿ ಹುಟ್ಟಿದವರಿಗೆ ಇದು ನಗುವ ವಿಷಯ. ಸೊಪ್ಪಿನ ಬಣ್ಣ ಅದು, ತಾನಾಗಿಯೇ ಹೋಗುತ್ತದೆ. ನೀನು ಆ ಸೊಪ್ಪಿನ ಬಗ್ಗೆ ಎರಡು ಪುಟ ಬರೆದಿದ್ದೀಯ, ಹದಿನೆಂಟು ಔಷಧಿಯ ಗುಣ ಹದಿನೆಂಟನೇ ದಿನ ಎಲೆಯಲ್ಲಿ ಕೂಡುತ್ತದೆ ಅಂತ ಚಂದ ಮಾಡಿ ಬರೆದಿದ್ದೀಯ, ಆದರೆ ಮಾರನೇ ದಿನ ಮೂತ್ರ ಕೆಂಪಾಗುತ್ತದೆ ಅನ್ನುವ ಒಂದು ಸಾಲು ಇಲ್ಲ. ಸೊಪ್ಪು ತಿನ್ನದೇ ಕೆಂಪಾದರೆ, ಅಥವಾ ಒಂದೆರಡು ದಿನ ಕಳೆದರೂ ಹೋಗದಿದ್ದರೆ ಆಸ್ಪತ್ರೆಗೆ ಹೋಗಬೇಕು ಅನ್ನುವುದೂ ಇಲ್ಲ. ಮೊಬೈಲಿನಲ್ಲಿ ಓದುವವರೆಲ್ಲ ನಮ್ಮೂರವರಲ್ಲ ಅಲ್ವಾ?

ಇನ್ನೊಂದು. ಹದಿನೆಂಟು ಔಷಧಿ ಅನ್ನುವುದು ನಮ್ಮ ಹಿರಿಯರ ನಂಬಿಕೆ. ಅದನ್ನು "ನಮ್ಮಲ್ಲಿ ಹೀಗೆ ನಂಬುತ್ತಾರೆ" ಅಂತಲೇ ಬರೆ, ನಂಬಿಕೆಗೆ ಅವಮಾನ ಆಗುವುದಿಲ್ಲ. ಅದೇ ಉಸಿರಿನಲ್ಲಿ "ಕ್ಯಾನ್ಸರ್ ತಡೆಯುತ್ತದೆ ಅಂತ ಸಂಶೋಧನೆ ಹೇಳಿದೆ" ಅಂದಿದ್ದೀಯಲ್ಲ, ಆ ಸಾಲು ತೆಗೆ. ಎಲೆಯ ರಸವನ್ನು ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಜೀವಕೋಶದ ಮೇಲೆ ಹಾಕಿ ನೋಡುವುದು ಬೇರೆ, ಮನುಷ್ಯರಿಗೆ ಕೊಟ್ಟು ನೋಡುವುದು ಬೇರೆ. ಗೊತ್ತಿರಲಿ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಸೇರಿ 54 ಕಾಯಿಲೆಗಳನ್ನು ಗುಣ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಕೊಡುವ ಹಾಗಿಲ್ಲ ಅಂತ 1954ರಲ್ಲೇ ನಮ್ಮ ದೇಶದಲ್ಲಿ ಕಾನೂನು ಬಂದಿದೆ. ನೀನು ಜಾಹೀರಾತು ಬರೆಯುತ್ತಿಲ್ಲ, ಸರಿ. ಆದರೆ ನಿನ್ನ ಸಾಲನ್ನು ಕತ್ತರಿಸಿ ಬಾಟಲಿ ಮಾರುವವನು ಅಂಟಿಸಿಕೊಳ್ಳುತ್ತಾನೆ.

ಮಕ್ಕಳ ಕೆಮ್ಮಿಗೆ ಜೇನು ಅಂತ ಬರೆದದ್ದು ಸರಿಯೇ, ಜೇನಿನಿಂದ ಕೆಮ್ಮು ಸ್ವಲ್ಪ ಕಮ್ಮಿಯಾಗುತ್ತದೆ. "ಒಂದು ವರ್ಷ ತುಂಬದ ಮಗುವಿಗೆ ಬೇಡ" ಅನ್ನುವುದನ್ನು ಮಾತ್ರ ಬಿಟ್ಟಿದ್ದೀಯ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ಬೀಜಾಣು ಇರುತ್ತದೆ, ಎಳೆ ಮಗುವಿನ ಕರುಳು ಅದನ್ನು ತಡೆಯಲಾರದು, ಕೈಕಾಲು ಸೋತು ಉಸಿರಾಟಕ್ಕೇ ತೊಂದರೆ ಆಗಬಹುದು. ಅಪರೂಪ, ನಿಜ. ಐದು ಪದ ಸೇರಿಸಿದರೆ ಆ ಅಪರೂಪವೂ ತಪ್ಪುತ್ತದೆ.

ಈಗ ಚಮಚಕ್ಕೆ ಬಾ.

ಭೇದಿಯ ಲೇಖನವನ್ನು ಇಂಗ್ಲಿಷಿನಿಂದ ಎಐಗೆ ಹಾಕಿ ಕನ್ನಡ ಮಾಡಿಸಿದ್ದೀಯ, ಓದಿದ ತಕ್ಷಣ ಗೊತ್ತಾಯಿತು. ಮಾಡಿಸು, ನಾನೇನು ಬೇಡ ಅನ್ನಲ್ಲ. ಆದರೆ "1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು" ಅಂತ ಇದೆಯಲ್ಲ, ಯಾವ ಚಮಚ ಪುಟ್ಟಿ? ಇಂಗ್ಲಿಷಿನಲ್ಲಿ ಟೀ ಸ್ಪೂನ್ ಅಂದರೆ 5 ಮಿಲಿ, ಟೇಬಲ್ ಸ್ಪೂನ್ ಅಂದರೆ 15 ಮಿಲಿ. ಕನ್ನಡಕ್ಕೆ ಬಂದ ಮೇಲೆ ಎರಡೂ ಚಮಚ. ನಮ್ಮ ಮನೆಯ ಉಪ್ಪಿನ ಡಬ್ಬಿಯಲ್ಲಿ ಇರುವ ಚಮಚ ನಿನಗೇ ಗೊತ್ತಲ್ಲ, ನಿನ್ನಜ್ಜಿ ಕಾಲದ್ದು, ಅದರಲ್ಲಿ ಅರ್ಧ ಅಂದರೂ ಒಂದೂವರೆ ಟೀ ಚಮಚ ಆಗುತ್ತದೆ. ಭೇದಿಯಿಂದ ಮೊದಲೇ ಸೊರಗಿದ ಮಗುವಿಗೆ ಮೂರು ಪಟ್ಟು ಉಪ್ಪಿನ ನೀರು ಕುಡಿಸಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾ? "5 ಮಿಲಿಯ ಟೀ ಚಮಚ, ಮೇಲೆ ಗೋಪುರ ಬೇಡ, ಬೆರಳಲ್ಲಿ ಸವರಿ ಮಟ್ಟ ಮಾಡಿ" ಅಂತ ಬರೆ. ಒಆರ್‌ಎಸ್ ಪ್ಯಾಕೆಟ್ ಸಿಕ್ಕರೆ ಅದೇ ಮೊದಲು ಅಂತಲೂ ಬರೆ. 1 ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿಯುವವರನ್ನು ನಾನೇ ನೋಡಿದ್ದೇನೆ, ಹಾಗಾಗಿ ಪೂರ್ತಿ 1 ಲೀಟರಿಗೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕು.

ನಮಗೆ ನರ್ಸ್ ಟ್ರೈನಿಂಗಿನಲ್ಲಿ ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದರು: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಐದರಲ್ಲಿ ಒಂದು ತಪ್ಪಿದರೂ ಸಿರಿಂಜ್ ಕೆಳಗಿಡಬೇಕು. ನಿನ್ನ ಹನ್ನೊಂದು ನಿಯಮದಲ್ಲಿ "ನಿಖರತೆ" ಅಂತ ಒಂದು ಪದ ಇದೆ, ಗೋಡೆಗೆ ತೂಗು ಹಾಕಬಹುದು, ಅಷ್ಟೇ. ಅಂಥ ಪಟ್ಟಿ ಹೊಸದೂ ಅಲ್ಲ. ಜಿನೀವಾದ ಒಂದು ಸಂಸ್ಥೆ 1996ರಲ್ಲೇ ಇಂಟರ್‌ನೆಟ್ಟಿನ ಆರೋಗ್ಯ ಮಾಹಿತಿಗೆ ಎಂಟು ನಿಯಮ ಮಾಡಿತ್ತು: ಬರೆದವರ ಅರ್ಹತೆ ಹೇಳು, ಎಲ್ಲಿಂದ ತಂದೆ ಅಂತ ಹೇಳು, ತಾರೀಕು ಹಾಕು, ದುಡ್ಡು ಕೊಟ್ಟವರು ಯಾರು ಹೇಳು, ಹೀಗೆ. ಒಪ್ಪಿದವರಿಗೆಲ್ಲ ಮುದ್ರೆ ಕೊಡುತ್ತಿದ್ದರು. 2022ರ ಕೊನೆಗೆ ಅದನ್ನು ಮುಚ್ಚಿಬಿಟ್ಟರು. ಮುದ್ರೆ ಹೋಯಿತು, ಓದುವವರು ಇದ್ದೇ ಇದ್ದಾರೆ.

ದುಡ್ಡಿನ ಮಾತು ಬಂತಲ್ಲ, ಕಾಚಂಪುಳಿಯ ಲೇಖನ ನನಗೆ ಹಿಡಿಸಲಿಲ್ಲ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹಾಕುವ ಕಪ್ಪು ಹುಳಿ ಅದು, ಮಲೆನಾಡಿನವರು ಉಪ್ಪಾಗೆ ಅನ್ನುವ ಹಣ್ಣಿನ ರಸ ಕಾಯಿಸಿ ಮಾಡುವುದು. ಅದೇ ಹಣ್ಣಿನ ಸಾರ ತೆಗೆದು ಗಾರ್ಸಿನಿಯಾ ಅಂತ ತೂಕ ಇಳಿಸುವ ಮಾತ್ರೆ ಮಾರುತ್ತಾರೆ. "ಕೊಡವರು ತೆಳ್ಳಗಿರುವುದರ ಗುಟ್ಟು" ಅಂತ ತಲೆಬರಹ ಕೊಟ್ಟಿದ್ದೀಯ, ನಮ್ಮ ಊರಿನ ಮದುವೆಗೆ ಬಂದು ಒಂದು ಸಲ ನೋಡು, ಎಲ್ಲರೂ ತೆಳ್ಳಗಿದ್ದಾರಾ? ಅಮೆರಿಕದಲ್ಲಿ 135 ದಪ್ಪ ಇದ್ದವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಈ ಸಾರ, ಇನ್ನೊಂದಕ್ಕೆ ಸುಮ್ನೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು 12 ವಾರ ನೋಡಿದರು, 1998ರಲ್ಲಿ ಪ್ರಕಟವಾಯಿತು. ಸಾರ ತಿಂದವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಆಮೇಲೆ ಇಂಥ ಮಾತ್ರೆ ತಿಂದು ಲಿವರ್ ಕೆಟ್ಟವರ ವರದಿಗಳೂ ಬಂದವು. ಸಾರಿಗೆ ಒಂದು ಚಮಚ ಹುಳಿ ಹಾಕುವುದಕ್ಕೂ ದಿನಕ್ಕೆ ಮೂರು ಮಾತ್ರೆ ನುಂಗುವುದಕ್ಕೂ ಸಂಬಂಧವೇ ಇಲ್ಲ.

ಆ ಲೇಖನಕ್ಕೆ ಮಾತ್ರೆ ಮಾರುವವರು ದುಡ್ಡು ಕೊಟ್ಟರಾ? ಬೇಜಾರು ಮಾಡಿಕೊಳ್ಳಬೇಡ, ಕೇಳಲೇಬೇಕು. ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಬರೆ, ಕೊನೆಯ ಇರುವೆ ಅಕ್ಷರದಲ್ಲಿ ಅಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ ಹೇಳಿದೆ, ಆರೋಗ್ಯದ ಬಗ್ಗೆ ಪ್ರಚಾರ ಮಾಡುವ ವೈದ್ಯರು ತಮ್ಮ ಅರ್ಹತೆ ಹೇಳಬೇಕು, ತಜ್ಞರ ಹಾಗೆ ಮಾತಾಡುವ ಉಳಿದವರು ಇದು ವೈದ್ಯರ ಸಲಹೆಗೆ ಬದಲಿ ಅಲ್ಲ ಅಂತ ಸ್ಪಷ್ಟವಾಗಿ ತಿಳಿಸಬೇಕು ಅಂತ. ನೀರು ಕುಡಿಯಿರಿ, ನಡೆಯಿರಿ ಅನ್ನುವಂಥ ಸಾಮಾನ್ಯ ಮಾತಿಗೆ, ಯಾವ ಸಾಮಾನಿಗೂ ಗಂಟು ಹಾಕದಿದ್ದರೆ, ಇದು ಬೇಕಿಲ್ಲ. ಹಾಗೇ "ವೈದ್ಯರ ಪ್ರಕಾರ" ಅಂತ ನಾಲ್ಕು ಕಡೆ ಬರೆದಿದ್ದೀಯ. ಯಾವ ವೈದ್ಯರು? ಚರ್ಮದ ಡಾಕ್ಟರ್ ಕಿಡ್ನಿಯ ಬಗ್ಗೆ ಹೇಳಿದ್ದನ್ನು ಹಾಕಬೇಡ. ಪ್ರಕಟಿಸುವ ಮುಂಚೆ ಆ ವಿಷಯ ಬಲ್ಲ ಒಬ್ಬರಿಗೆ ತೋರಿಸು, ಅವರು ಒಪ್ಪಿದರೆ ಹೆಸರು ಹಾಕು, ಹೆಸರು ಬೇಡ ಅಂದರೆ ಯಾಕೆ ಬೇಡ ಅಂದರು ಅಂತ ಸ್ವಲ್ಪ ಯೋಚನೆ ಮಾಡು.

ಕಾಫಿಯ ಲೇಖನದಲ್ಲಿ ತಾರೀಕು ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂದಿತ್ತು. 2016ರಲ್ಲಿ ಎಲ್ಲ ಪುರಾವೆ ಮತ್ತೆ ನೋಡಿ, ಹಾಗೆ ಹೇಳಲು ಸಾಕಷ್ಟು ಆಧಾರ ಇಲ್ಲ ಅಂತ ವಾಪಸ್ ತೆಗೆದುಕೊಂಡಿತು. ಅದೇ ಸಲ 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ಪಾನೀಯ ಏನೇ ಆದರೂ ಅನ್ನನಾಳಕ್ಕೆ ಒಳ್ಳೆಯದಲ್ಲ ಅನ್ನುವ ಕಡೆ ವಾಲಿತು. ನೀನು ಹಳೆಯದನ್ನು ಹಿಡಿದುಕೊಂಡು ಬರೆದಿದ್ದೀಯ. ಎಂದು ಬರೆದದ್ದು, ಎಂದು ಮತ್ತೆ ನೋಡಿದ್ದು, ಎರಡೂ ತಾರೀಕು ಮೇಲೆಯೇ ಇರಲಿ. ಕಾಫಿ ಬೆಳೆದು ಊಟ ಮಾಡುವ ಮನೆಯ ಹುಡುಗಿ, ನನ್ನ ಬೇಜಾರು ನಿನಗೆ ಅರ್ಥ ಆದೀತು.

"ಎರಡು ಪಟ್ಟು ಅಪಾಯ" ಅನ್ನುವ ಪದವನ್ನೂ ಅದರಲ್ಲೇ ಬಳಸಿದ್ದೀಯ. ಎಎನ್‌ಎಂ, ಅಂದರೆ ಹಳ್ಳಿಯಲ್ಲಿ ಕೆಲಸ ಮಾಡುವ ನರ್ಸ್ ಹುಡುಗಿಯರಿಗೆ ಪಾಠ ಮಾಡುವಾಗ ನಾನು ಒಂದು ಕಥೆ ಹೇಳುತ್ತಿದ್ದೆ. 1995ರಲ್ಲಿ ಬ್ರಿಟನ್ನಿನಲ್ಲಿ, ಕೆಲವು ಹೊಸ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಅಂತ ಎಚ್ಚರಿಕೆ ಕೊಟ್ಟರು. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿ ಆದವು ಅನ್ನುತ್ತಾರೆ. ನಿಜವಾದ ಲೆಕ್ಕ ಏನಿತ್ತು ಗೊತ್ತಾ? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ. ಇದೂ ಎರಡು ಪಟ್ಟೇ! ಗರ್ಭಿಣಿಯಾದರೆ ಹೆಪ್ಪುಗಟ್ಟುವ ಅಪಾಯ ಅದಕ್ಕಿಂತ ಜಾಸ್ತಿ ಅನ್ನುವುದು ಎಷ್ಟೋ ಹೆಂಗಸರಿಗೆ ತಲುಪಲಿಲ್ಲ. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಅಂತ ಬರೆ ಪುಟ್ಟಿ. ಆ ಸಂಖ್ಯೆ ಸಿಗದಿದ್ದರೆ ಪಟ್ಟು ಗಿಟ್ಟು ಬೇಡ.

ಇಷ್ಟೆಲ್ಲ ಓದಿ ಲೇಖನಗಳನ್ನು ಗುಟ್ಟಾಗಿ ಅಳಿಸಿ ಹೊಸದು ಹಾಕಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಕೇಸ್ ಶೀಟಿನಲ್ಲಿ ತಪ್ಪು ಬರೆದರೆ ನಾವು ಗೀಚಿ ಮುಚ್ಚುವ ಹಾಗಿರಲಿಲ್ಲ, ವೈಟ್ನರ್ ಮುಟ್ಟುವ ಹಾಗೇ ಇರಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಕಾಣಬೇಕು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಕು, ಹೊತ್ತು. ಮುಂದಿನ ಪಾಳಿಯವಳಿಗೆ ಬೆಳಿಗ್ಗೆ ಏನು ತಪ್ಪು ಔಷಧಿ ಹೋಗಿರಬಹುದು ಅಂತ ಗೊತ್ತಾಗಬೇಕಲ್ಲ. ನಿನ್ನ ಭೇದಿಯ ಲೇಖನ ಓದಿ ಯಾರೋ ಈಗಾಗಲೇ ಡಬ್ಬಿಯ ಚಮಚ ತೆಗೆದಿರಬಹುದು. ಅವರಿಗೆ ತಲುಪುವ ಹಾಗೆ "ಇಲ್ಲಿ ಚಮಚದ ಅಳತೆ ಬಿಟ್ಟುಹೋಗಿತ್ತು, ಈ ದಿನ ತಿದ್ದಿದ್ದೇವೆ" ಅಂತ ಮೇಲೇ ಹಾಕು.

ಗ್ಯಾಸ್ಟ್ರಿಕ್ ಲೇಖನವನ್ನು ಕೊನೆಗೆ ಇಟ್ಟುಕೊಂಡೆ. ನಮ್ಮವರಿಗೆ ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ತುಂಬಾ ವರ್ಷದ ಹಿಂದೆ, ಇಂಥದ್ದೇ ಮಳೆ, ರಾತ್ರಿ ಪಾಳಿ. ಒಬ್ಬರು ಜೀಪಿನಿಂದ ತಾವೇ ಇಳಿದು ನಡೆದು ಬಂದರು. ಐವತ್ತರ ಆಸುಪಾಸು. "ಗ್ಯಾಸ್ಟ್ರಿಕ್ ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿ ಕಳಿಸಿ" ಅಂದರು. ನಾನು ಸ್ವೆಟರ್ ಮೇಲೆ ಶಾಲು ಹೊದ್ದಿದ್ದೆ, ಅಷ್ಟು ಚಳಿ. ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಮಳೆಗೆ ನೆಂದದ್ದು ಅಂದುಕೊಂಡು ಮುಟ್ಟಿದೆ, ಬೆವರು. ಮಧ್ಯಾಹ್ನದಿಂದ ಜೀರಿಗೆ ಕಷಾಯ, ಸೋಡಾ, ಇಂಗು ಎಲ್ಲ ಆಗಿತ್ತು. ಇಸಿಜಿ ನೋಡಿ ಡಾಕ್ಟರ್ ಮೈಸೂರಿಗೆ ಕಳಿಸಿದರು. ಪಿರಿಯಾಪಟ್ಟಣ ದಾಟಲಿಲ್ಲ.

ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದೆ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ವೈದ್ಯರಿಗೆ ಕಳಿಸುತ್ತಾರೆ, ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿಗೆ ಬರಬೇಕಲ್ಲ. ನಿನ್ನ ಲೇಖನದಲ್ಲಿ ಒಂಬತ್ತು ಮನೆಮದ್ದು ಇದೆ, ಕೊನೆಗೆ "ಹೆಚ್ಚಿನ ಮಾಹಿತಿಗೆ ವೈದ್ಯರನ್ನು ಸಂಪರ್ಕಿಸಿ" ಅಂತ ಎಲ್ಲರೂ ಹಾಕುವ ಸಾಲು. ಅದನ್ನು ಯಾರೂ ಓದುವುದಿಲ್ಲ. ಮೊದಲ ಮನೆಮದ್ದಿಗಿಂತ ಮೇಲೆ ಬರೆ: ಎದೆ ಹಿಂಡಿದ ಹಾಗೆ ಆದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣಗೆ ಬೆವರಿದರೆ, ಉಸಿರು ಕಟ್ಟಿದರೆ, ನಡೆದಾಗ ಜಾಸ್ತಿಯಾಗಿ ಕೂತಾಗ ಕಮ್ಮಿಯಾದರೆ ಇದನ್ನು ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಆಗಿಯೂ ಬರಬಹುದು ಅನ್ನುವುದನ್ನೂ ಸೇರಿಸು.

ಇದನ್ನು ಬರೆಯುವ ಹೊತ್ತಿಗೇ ನಿನ್ನಮ್ಮನ ಫೋನ್ ಬಂತು. ನಿಮ್ಮಪ್ಪ ಹದಿನೈದು ದಿನದಿಂದ ಬೆಳಿಗ್ಗೆ ಸಂಜೆ ಜೀರಿಗೆ ನೀರು ಕುಡಿಯುತ್ತಿದ್ದಾರಂತೆ, ಗ್ಯಾಸ್ಟ್ರಿಕ್‌ಗೆ. "ಮಗಳೇ ಬರೆದಿದ್ದಾಳೆ" ಅಂತ ಪಕ್ಕದ ಮನೆಯವರಿಗೂ ತೋರಿಸಿದ್ದಾರೆ. ಮೆಟ್ಟಿಲು ಹತ್ತುವಾಗ ಜಾಸ್ತಿ ಆಗುತ್ತಾ ಅಂತ ನಿನ್ನಮ್ಮನ ಕೈಲಿ ಅವರನ್ನು ಕೇಳಿಸಿದೆ. ಹೌದಂತೆ. ನಾನು ಬೈದ ಮೇಲೆ ಅವತ್ತೇ ಹೋಗಿ ಇಸಿಜಿ ತೆಗೆಸಿದರು, ಅದರಲ್ಲಿ ಏನೂ ಕಂಡಿಲ್ಲ, ಆದರೂ ಡಾಕ್ಟರ್ ಟಿಎಂಟಿ, ಅಂದರೆ ಯಂತ್ರದ ಮೇಲೆ ನಡೆಸುತ್ತಾ ಹೃದಯ ನೋಡುವ ಪರೀಕ್ಷೆ, ಮಾಡಿಸಿ ಅಂದಿದ್ದಾರೆ. ಗುರುವಾರ ಹನ್ನೊಂದು ಗಂಟೆಗೆ. ನೀನೇ ರಜೆ ಹಾಕಿ ಕರೆದುಕೊಂಡು ಹೋಗು, ಅವರೊಬ್ಬರನ್ನೇ ಬಿಟ್ಟರೆ ದಾರಿಯಲ್ಲಿ ಕಾಫಿ ಕುಡಿದು ವಾಪಸ್ ಬರುತ್ತಾರೆ.

ಇಂತಿ,
ನಿನ್ನ ದೊಡ್ಡಮ್ಮ