ತಪಾಸಣೆ ಅಂಗನವಾಡಿಯಲ್ಲಿ, ಚಿಕಿತ್ಸೆ ಎರಡು ಬಸ್ ಆಚೆ

ಮಾನ್ಯ ಸಂಪಾದಕರೇ,

ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಬೇಗ ಗುರುತಿಸಬೇಕು ಎಂಬ ಮಾತು ಈಗ ಎಲ್ಲ ಅಧಿಕಾರಿಗಳ ಬಾಯಲ್ಲೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬುದು ನಿಯಮ. ಲಗ್ಗೆರೆಯಲ್ಲಿ ಕಾರ್ಯಕರ್ತೆಯಾಗಿದ್ದ ನಾನು ಆ ತಂಡದವರ ಪಕ್ಕ ಕುಳಿತು ಹೆಸರು ಬರೆಸಿದವಳು. ಕತ್ತು ನಿಲ್ಲದ ಮಗು, ಕರೆದರೆ ತಿರುಗದ ಮಗು, ಎರಡು ತುಂಬಿದರೂ ‘ಅಮ್ಮ’ ಎನ್ನದ ಮಗು, ಎಲ್ಲರಿಗೂ ಚಿಕಿತ್ಸಾ ಕೇಂದ್ರಕ್ಕೆ ಹೋಗಲು ಒಂದು ಚೀಟಿ. ಆ ಚೀಟಿ ಹಿಡಿದು ಮಗುವನ್ನು ಕರೆದೊಯ್ಯುವವರು ಯಾರು, ಯಾವ ಹೊತ್ತಿನಲ್ಲಿ ಎಂದು ಕೇಳುವ ಕಾಲಂ ಮಾತ್ರ ಅದರಲ್ಲಿ ಇರಲಿಲ್ಲ.

ನಮ್ಮ ಬೀದಿಯ ಅನೇಕ ತಾಯಂದಿರು ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ರಜೆ ಹಾಕಿದರೆ ಆ ದಿನದ ಸಂಬಳದ ಜೊತೆಗೆ ಹಾಜರಿ ಭತ್ಯೆಗೂ ಕತ್ತರಿ. ಚಿಕಿತ್ಸೆಯೋ ವಾರಕ್ಕೆರಡು ದಿನ, ಅದೂ ಕಚೇರಿ ವೇಳೆಯಲ್ಲಿ. ಹಾಗಾಗಿ ಮೊಮ್ಮಗನನ್ನು ಕರೆದೊಯ್ಯುವವಳು ನಾನೇ. ಶಕ್ತಿ ಯೋಜನೆಯಿಂದ ಟಿಕೆಟ್ ಹಣ ಉಳಿದಿದೆ, ಇಲ್ಲವೆನ್ನುವುದಿಲ್ಲ. ಆದರೆ ಕಾಲು ಸೆಟೆದುಕೊಳ್ಳುವ ಮೂರು ವರ್ಷದ ಹುಡುಗನನ್ನು ಸೊಂಟದ ಮೇಲೆ ಹೊತ್ತು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವುದಕ್ಕೆ ಯಾವ ರಿಯಾಯಿತಿಯೂ ಇಲ್ಲ. ತಲುಪುವಷ್ಟರಲ್ಲಿ ಅವನು ದಣಿದು ರಚ್ಚೆ ಹಿಡಿದಿರುತ್ತಾನೆ. ಅರ್ಧ ಗಂಟೆಯ ವ್ಯಾಯಾಮದಲ್ಲಿ ಬಹುಪಾಲು ಸಮಯ ಸಮಾಧಾನ ಮಾಡುವುದಕ್ಕೇ ಸರಿ.

ಅವನಿಗೆ ನಿಜವಾಗಿ ಒದಗಿಬಂದದ್ದು ಫಿಸಿಯೋಥೆರಪಿ ಓದುತ್ತಿದ್ದ ಹುಡುಗಿಯೊಬ್ಬಳು ಮನೆಗೇ ಬಂದು ಹೇಳಿಕೊಟ್ಟದ್ದು. ನಮ್ಮದು ಒಂದೇ ಕೋಣೆಯ ಮನೆ. ಎರಡು ಗೋಡೆ ಕೂಡುವ ಮೂಲೆಗೆ ಅವನನ್ನು ಒರಗಿಸಿ ಕೂರಿಸಿದಳು. ಹಳೆಯ ಸೀರೆಯನ್ನು ಸುರುಳಿ ಸುತ್ತಿ ತೊಡೆಗಳ ನಡುವೆ ಇಟ್ಟಳು. ಬೆನ್ನಿಗೆ ಆಸರೆ ಸಿಕ್ಕಿದ್ದೇ ತಡ, ಊರಿಕೊಂಡಿದ್ದ ಎರಡೂ ಕೈ ಬಿಡುವಾಗಿ ತಟ್ಟೆ ಬಡಿಯತೊಡಗಿದ! ಉಣಿಸುವಾಗ ಗದ್ದ ತುಸು ಕೆಳಗಿರಲಿ, ತಲೆ ಹಿಂದಕ್ಕೆ ವಾಲಿದರೆ ಅನ್ನ ನೆತ್ತಿಗೇರುತ್ತದೆ ಎಂದಳು. ಪೈಸೆ ಖರ್ಚಿಲ್ಲ. ರಾತ್ರಿ ಎಂಟಕ್ಕೆ ಮನೆ ಸೇರುವ ಅವನ ತಾಯಿಯೂ ಮಾಡಬಲ್ಲ ಕೆಲಸ.

ನಗರಕ್ಕೀಗ ಐದು ಪಾಲಿಕೆಗಳಾಗಿವೆ. ಹೊಸ ಕಟ್ಟಡದ ಯೋಚನೆ ಆಮೇಲಿರಲಿ. ಫಿಸಿಯೋಥೆರಪಿಸ್ಟರನ್ನು, ಮಾತಿನ ತರಬೇತಿ ನೀಡುವವರನ್ನು ಪ್ರತಿ ಬಡಾವಣೆಯ ಒಂದಾದರೂ ‘ನಮ್ಮ ಕ್ಲಿನಿಕ್’ನಲ್ಲಿ ಭಾನುವಾರ ಕೂರಿಸಲಿ. ವಾರದ ಉಳಿದ ದಿನಗಳಲ್ಲಿ ಅವರು ಅಂಗನವಾಡಿ, ಮನೆಗಳನ್ನು ಸುತ್ತಲಿ. ಈ ಹೊರೆಯನ್ನೂ ಕಾರ್ಯಕರ್ತೆಯ ತಲೆಗೆ ಕಟ್ಟಬೇಡಿ. ಅಂಗವಿಕಲ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಅಂಗನವಾಡಿಗಳಿಗೆ ಮಾರ್ಗಸೂಚಿ ಕೊಟ್ಟಿದೆ, ಒಳ್ಳೆಯದೇ. ಆದರೆ ಮತದಾರರ ಪಟ್ಟಿ, ಸಮೀಕ್ಷೆ, ಮೊಬೈಲಿನಲ್ಲಿ ಮಾಹಿತಿ ತುಂಬಬೇಕಾದ ಪೋಷಣ್ ಟ್ರ್ಯಾಕರ್ ಆ್ಯಪ್‌ಗಳ ನಡುವೆ ಆಕೆಗೆ ಮಕ್ಕಳ ಮುಖ ನೋಡಲು ಉಳಿಯುವ ಹೊತ್ತು ಎಷ್ಟೆಂದು ನನಗೆ ಗೊತ್ತು.

ಯೋಜನೆ ರೂಪಿಸುವ ಸಭೆಗೆ ಈ ತಾಯಂದಿರನ್ನೂ ಕರೆಯಿರಿ. ಕರೆಯುವುದಾದರೆ ದಯವಿಟ್ಟು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೇಡ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಲಗ್ಗೆರೆ, ಬೆಂಗಳೂರು