ಆಯಿಯ ಸೆರಗು ಹಾಗೇ ಇರಲಿ

ಫ್ಲಾರೆನ್ಸ್, ಭಾನುವಾರ

ಅವ್ವಾ, ಅಪ್ಪಾ, ಇಬ್ಬರಿಗೂ ಶರಣು.

ನಾನು ಆರಾಮಾಗಿದ್ದೇನೆ. ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಇದೆ.

ಅವ್ವಾ, ಆಯಿಯ ಫೋಟೋ ಈಗಲೇ ಸ್ಟುಡಿಯೋಕ್ಕೆ ಕೊಡಬೇಡ. ತಲೆ ಮೇಲಿನ ಸೆರಗು ತೆಗೆದು, ಕಂಪ್ಯೂಟರಿನಲ್ಲಿ ಕೂದಲು ಕೂಡಿಸಿ ಕೊಡುತ್ತಾರಂತೆ ಅಂದಾಗ ನಾನೂ ಹೂಂ ಅಂದಿದ್ದೆ. ತಪ್ಪು ಮಾಡಿದೆ.

ನಿನ್ನೆ ಇಲ್ಲಿನ ಪಿಟ್ಟಿ ಅರಮನೆಗೆ ಹೋಗಿದ್ದೆ. ಇಟಲಿಯ ಚಿತ್ರಕಾರ ರಫಾಯೆಲ್ ಸುಮಾರು 1516ರಲ್ಲಿ ಬರೆದ ಒಬ್ಬ ಹೆಣ್ಣಿನ ಚಿತ್ರ ಅಲ್ಲಿದೆ. 'ಲಾ ವೆಲಾತಾ', ಅಂದರೆ ಮುಸುಕು ಹೊದ್ದವಳು. ಮುಖ ಮುಚ್ಚಿಕೊಂಡಿರುತ್ತಾಳೆ ಅಂದುಕೊಂಡೇ ಹೋದೆ. ಮುಖ ಪೂರ್ತಿ ಕಾಣುತ್ತದೆ! ನಮ್ಮ ಕಡೆ ಸೆರಗು ಹೊದೆಯುವ ಹಾಗೇ ತಲೆಯಿಂದ ಭುಜಕ್ಕೆ ಇಳಿದಿದೆ. ಅದು ಮದುವೆಯಾದವಳ ಗುರುತು ಅಂತ ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ತಾಳಿ ಇದ್ದಂತೆ, ಅಲ್ವಾ?

ಮುಸುಕಿನ ಅಂಚಿನಲ್ಲಿ, ಕೂದಲ ಮೇಲೆ ಒಂದೇ ಒಂದು ಮುತ್ತು. ರೋಮಿನಲ್ಲಿರುವ ಅವನ 'ಲಾ ಫೊರ್ನಾರೀನಾ' ಚಿತ್ರದವಳಿಗೂ ಅಂಥದೇ ಮುತ್ತಿದೆ. ಲ್ಯಾಟಿನ್ ಭಾಷೆಯಲ್ಲಿ ಮುತ್ತಿಗೆ ಮಾರ್ಗರೀಟಾ ಅನ್ನುತ್ತಾರೆ. ಅವನು ಮೆಚ್ಚಿದವಳ ಹೆಸರೂ ಅದೇ ಅಂತ ಹಳೇ ಮಾತು. ಅದಕ್ಕೇ ಇಬ್ಬರೂ ಒಬ್ಬಳೇ ಅಂತ ಕೆಲವರ ಲೆಕ್ಕ. 1520ರಲ್ಲಿ, 37ನೇ ವಯಸ್ಸಿಗೇ ರಫಾಯೆಲ್ ತೀರಿಕೊಂಡ. ಈಗ ಅವಳ ಬಗ್ಗೆ ಏನು ಕೇಳಬೇಕಿದ್ದರೂ ಆ ಮುತ್ತನ್ನೇ ಕೇಳಬೇಕು, ಆ ಮುಸುಕನ್ನೇ ಕೇಳಬೇಕು.

ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಆಯಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಶರಣಬಸವೇಶ್ವರ ಜಾತ್ರೆಗೆ ಬಂದಾಗ ತೆಗೆಸಿದ್ದು ಅಂತ ನೀನೇ ಹೇಳಿದ್ದೆ. ಇಳಕಲ್ ಸೀರೆ. ಮೂಗಿನ ನತ್ತಿಗೆ ಮಾತ್ರ ಯಾರೋ ಕುಂಚದಿಂದ ಹಳದಿ ಬಣ್ಣ ಹಚ್ಚಿದ್ದಾರೆ. ನಾಚಿಕೆಯಿಂದ ಸೆರಗು ಹಿಡಿದಿದ್ದಾಳೆ ಅಂತ ನಾವೆಲ್ಲ ಹೇಳುತ್ತಿದ್ದೆವು. ಬೆರಳು ನೋಡು ಅವ್ವಾ. ತಲೆ ಮೇಲಿಂದ ಜಾರದಂತೆ ಹಿಡಿದು, ಕೊರಳ ಹತ್ತಿರ ಮಾತ್ರ ಸೆರಗನ್ನು ಸರಿಸಿದ್ದಾಳೆ. ಒಳಗಿನ ಬೋರಮಳ ಸರ ಕಾಣಲಿ ಅಂತ. ನಾಚಿದವಳು ಹಾಗೆ ಮಾಡುತ್ತಾಳಾ? ಕಣ್ಣೂ ನೇರ ಇದೆ. ಇಷ್ಟು ವರ್ಷ ಗೋಡೆ ಮೇಲೆ ನೋಡಿದ್ದೇನೆ, ನಿನ್ನೆಯೇ ಕಂಡಿದ್ದು. ಮನಸ್ಸು ತುಂಬಿ ಬಂತು.

ದೊಡ್ಡದು ಮಾಡಿಸು, ಬೇಡ ಅನ್ನುವುದಿಲ್ಲ. ಕಲೆ ಇದ್ದರೆ ತೆಗೆಸು. ಸೆರಗು, ಹಳದಿ ನತ್ತು, ಆ ಬೆರಳು, ಯಾವುದನ್ನೂ ಮುಟ್ಟಬಾರದು ಅಂತ ಎದುರು ನಿಂತು ಹೇಳು.

ಆ ಬೋರಮಳ ಈಗ ನಮ್ಮ ಮನೆಯಲ್ಲಿಲ್ಲ. ಆಯಿಯದೇನಾ, ಜಾತ್ರೆಗೆ ಅಂತ ಯಾರದಾದರೂ ಕೇಳಿ ಹಾಕಿಕೊಂಡಿದ್ದಾ? ಕಮಲಾಪುರದ ಅತ್ತೆಗೆ ಗೊತ್ತಿರಬಹುದು. ಕೇಳಿ ತಿಳಿಸು.

ನಿನ್ನ ಮಗಳು