ಫ್ಲೋರೈಡ್ ಕಲೆಗೂ ಚಿಕಿತ್ಸೆ ಕೊಡಿ

ಸಂಪಾದಕರೇ,

ನಮ್ಮ ಪಾವಗಡ, ಶಿರಾ, ಬಾಗೇಪಲ್ಲಿ ಕಡೆ ಎಷ್ಟೋ ಹುಡುಗ್ರು ಫೋಟೋಗೆ ನಿಂತಾಗ ಹಲ್ಲಿನ ಕಲೆ ಕಾಣುತ್ತೆ ಅಂತ ತುಟಿ ಬಿಚ್ಚಲ್ಲ, ಕಾರಣ ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡ್ ಅನ್ನೋ ಲವಣ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ಚಿಕ್ಕ ವಯಸ್ಸಲ್ಲಿ, ಅಂದ್ರೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ತಯಾರಾಗೋ ಟೈಮಲ್ಲಿ, ವರ್ಷಗಟ್ಟಲೆ ಕುಡಿದ್ರೆ ಹಲ್ಲು ಹುಟ್ಟೋವಾಗ್ಲೇ ಕಲೆ ಹೊತ್ಕೊಂಡು ಬರುತ್ತೆ, ಆಮೇಲೆ ಬ್ರಷ್‌ನಲ್ಲಿ ಎಷ್ಟು ಉಜ್ಜಿದ್ರೂ ಹೋಗಲ್ಲ. ಆದ್ರೂ ಜನ ಮಾತ್ರ 'ಗುಟ್ಕಾ ತಿಂತಾನೆ' ಅಂತ್ಲೇ ಅಂದ್ಕೊಳ್ಳೋದು, ಹೆಣ್ಣು ನೋಡೋಕೆ ಬಂದವ್ರೂ ಅಷ್ಟೇ, ಇಂಟರ್‌ವ್ಯೂ ಮಾಡೋರೂ ಅಷ್ಟೇ.

ಇದಕ್ಕೆ ಟ್ರೀಟ್‌ಮೆಂಟ್ ಇದೆ ಸ್ವಾಮಿ. ಕಲೆ ತೆಳುವಾಗಿದ್ರೆ ಡಾಕ್ಟ್ರು ಮೇಲ್ಪದರ ಸ್ವಲ್ಪ ಉಜ್ಜಿ ಬ್ಲೀಚಿಂಗ್ ಮಾಡ್ತಾರೆ, ಜಾಸ್ತಿ ಇದ್ರೆ ಕಾಂಪೋಸಿಟ್ ಅನ್ನೋ ಹಲ್ಲಿನ ಬಣ್ಣದ ಮೆತ್ತೋ ವಸ್ತು ಹಚ್ಚಿ ಲೈಟ್ ಬಿಟ್ಟು ಗಟ್ಟಿ ಮಾಡ್ತಾರೆ, ಗುಂಡಿ ಬಿದ್ದು ಚೂರಾಗೋ ಹಲ್ಲಿಗೆ ಕ್ಯಾಪ್ ಹಾಕಿದ್ರೆ ಅಗಿಯೋಕೂ ಆಗುತ್ತೆ, ಹಲ್ಲೂ ಉಳಿಯುತ್ತೆ. ಕಾಂಪೋಸಿಟ್ ಶಾಶ್ವತ ಅಲ್ಲ, ಕೆಲವು ವರ್ಷಕ್ಕೆ ಬಣ್ಣ ಕೆಡುತ್ತೆ, ಮತ್ತೆ ಮಾಡಿಸ್ಬೇಕು, ಅದನ್ನ ಡಾಕ್ಟ್ರು ಮೊದ್ಲೇ ಹೇಳಿದ್ರೆ ಒಳ್ಳೇದು. ಮತ್ತೆ ದಯವಿಟ್ಟು ರಸ್ತೆ ಬದಿ ಬಿಳಿ ಮಾಡೋ ಪುಡಿ, ಆಸಿಡ್ಡು ನಂಬ್ಬೇಡಿ, ಇರೋ ಎನಾಮಲ್ಲೂ ಹೋಗುತ್ತೆ.

ಹಲ್ಲಿಲ್ಲದ ಬಡ ಹಿರಿಯರಿಗೆ 'ದಂತ ಭಾಗ್ಯ' ಯೋಜನೇಲಿ ಫ್ರೀ ಹಲ್ಸೆಟ್ ಕೊಡೋಕೆ ಮುಂದಾದ ಸರ್ಕಾರಕ್ಕೆ ಈ ಮಕ್ಕಳು ಕಾಣ್ಬಾರ್ದಾ? ಇದನ್ನ ಬರೀ ಶೋಕಿ ಅಂದ್ಕೊಳ್ದೆ, ಫ್ಲೋರೈಡ್ ತಾಲ್ಲೂಕುಗಳಲ್ಲಿ ಹೈಸ್ಕೂಲ್, ಕಾಲೇಜ್ ಮಕ್ಕಳಿಗೆ ಸರ್ಕಾರಿ ಆಸ್ಪತ್ರೇಲೇ ಮಾಡ್ಕೊಡ್ಲಿ. ಜೊತೆಗೆ ಕೆಟ್ಟು ನಿಂತಿರೋ ಶುದ್ಧ ಕುಡಿಯೋ ನೀರಿನ ಘಟಕಗಳನ್ನೂ ರಿಪೇರಿ ಮಾಡ್ಸಿ, ಇಲ್ಲಾಂದ್ರೆ ಅಂಗನವಾಡೀಲಿರೋ ಮಕ್ಕಳೂ ನಾಳೆ ಇದೇ ಕ್ಯೂನಲ್ಲಿ ನಿಲ್ತಾರೆ.

ಇಂತಿ,
ಒಬ್ಬ ಓದುಗ, ಪಾವಗಡ